ದಿಂಬಂ ಘಟ್ಟದ ತಿರುವುಗಳಲ್ಲಿ ಕೈ, ಮೈ, ಕಣ್ಣು

ತಾಳವಾಡಿ ಸೀಮೆಯ ಕನ್ನಡಿಗರು ಹಾಸನೂರಿನ ಮಾರ್ಗವಾಗಿ ಸತ್ಯಮಂಗಲಕ್ಕೋ ಜಿಲ್ಲಾ ಕೇಂದ್ರವಾದ ಈರೋಡಿಗೋ ಹೋಗಬೇಕಾದರೆ ದಿಂಬಂ ಘಟ್ಟವನ್ನು ಇಳಿಯಲೇಬೇಕು. ಕಾಡಿನ ನಡುವೆ ಬಳುಕುತ್ತ ಬರುವ ಹೆದ್ದಾರಿಯು ದಿಂಬಂ ಬಳಿಕ 27 ಹಿಮ್ಮುರಿ ತಿರುವುಗಳಲ್ಲಿ ಬನ್ನಾರಿ ಅಮ್ಮನ ಗುಡಿಯತ್ತ ಇಳಿಯುತ್ತದೆ. ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆಂದು ಬೈಕಿನಲ್ಲಿ ಹೊರಡುವವರ ಹಿಂದೆ ಬಹುತೇಕ ಇನ್ನೊಬ್ಬರು ಕುಳಿತಿರುತ್ತಾರೆ. ಆದ್ದರಿಂದ ಬೈಕು ಹೇಗೆ ತಿರುಗುತ್ತದೆಂಬುದನ್ನು ಇಬ್ಬರೂ ಅರಿತಿರುವುದು ಒಳಿತು.

ಹಾಸನೂರಿನಿಂದ ದಿಂಬಂವರೆಗಿನ ಸೌಮ್ಯ ತಿರುವುಗಳಲ್ಲಿ ನಡೆಯುವುದು ವಿಚಿತ್ರವಾಗಿದೆ. ನಡಿಗೆಯ ವೇಗವನ್ನು ಮೀರಿ ಸಾಗುವ ಬೈಕನ್ನು ಎಡಕ್ಕೆ ತಿರುಗಿಸಲು ಹ್ಯಾಂಡಲಿನ ಎಡತುದಿಯನ್ನು ಮೆಲ್ಲನೆ ಮುಂದಕ್ಕೆ ಒತ್ತಬೇಕು. ಆಗ ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಸರಿಯುತ್ತದೆ. ಬುಡ ಬಲಕ್ಕೆ ಹೋದುದರಿಂದ ಬೈಕಿನ ಮೈ ಎಡಕ್ಕೆ ವಾಲುತ್ತದೆ. ವಾಲಿದೊಡನೆ ಚಕ್ರ ತಾನಾಗಿ ಎಡಕ್ಕೆ ಹೊರಳಿ ತಿರುವನ್ನು ಹಿಡಿಯುತ್ತದೆ. ಸವಾರರೆಲ್ಲರೂ ಇದನ್ನು ಮಾಡುತ್ತಾರೆ. ಮಾಡುತ್ತಿದ್ದೇವೆಂದು ತಿಳಿದವರು ವಿರಳ. ಸೈಕಲ್ ವ್ಯಾಪಾರಿಯೂ ಆಗಿದ್ದ ವಿಮಾನದ ವಿಲ್ಬರ್ ರೈಟ್ ಹಲವು ಸವಾರರನ್ನು ವಿಚಾರಿಸಿ, ಯಾರೊಬ್ಬರೂ ಇದನ್ನು ಸರಿಯಾಗಿ ವಿವರಿಸಲಿಲ್ಲವೆಂದು ಕಂಡುಕೊಂಡಿದ್ದರು.

ಹಾಗಾದರೆ ಮೈಭಾರದ ಪಾತ್ರವೇನು? ಬರಿಯ ಮೈವಾಲಿಸಿ ಬೈಕನ್ನು ಚುರುಕಾಗಿ ತಿರುಗಿಸಲಾಗದು. ಆ ಕೆಲಸ ಕೈಯದು. ಆದರೆ ಸವಾರನು ತಿರುವಿನ ಒಳಬದಿಗೆ ತುಸು ಬಾಗಿದರೆ, ಅದೇ ವೇಗದಲ್ಲಿ ಬೈಕು ಕಡಿಮೆ ವಾಲಿದರೂ ಸಾಕಾಗುತ್ತದೆ. ನಮ್ಮ ಸಾಧಾರಣ ಬೈಕಿನ ತೂಕ ಸುಮಾರು 110 ಕಿಲೋ. 60 ಕಿಲೋದ ಇಬ್ಬರು ಕುಳಿತರೆ ಜನರ ಭಾರವೇ ಬೈಕಿನ ಭಾರವನ್ನು ಮೀರುತ್ತದೆ. ಹಿಂದೆ ಕುಳಿತವರು ಬೀಳುವ ಭಯದಿಂದ ಹೊರಬದಿಗೆ ಬಾಗಿದರೆ ಬೈಕು ಇನ್ನಷ್ಟು ವಾಲಬೇಕಾಗುತ್ತದೆ, ಇಲ್ಲವೇ ತನ್ನ ಹಾದಿಬಿಟ್ಟು ಹೊರಕ್ಕೆ ಸರಿಯುತ್ತದೆ. ಅವರು ಸವಾರನ ಹೆಗಲಿನೊಡನೆ ತಾವೂ ವಾಲುವುದೇ ಕ್ಷೇಮ.

ಹಿಮ್ಮುರಿ ತಿರುವುಗಳಲ್ಲಿ ವೇಗದ ಲೆಕ್ಕ ನಿಷ್ಠುರವಾದುದು. ವೇಗ ಇಮ್ಮಡಿಯಾದರೆ ತಿರುಗಲು ಬೇಕಾದ ಹಿಡಿತ ನಾಲ್ಮಡಿಯಾಗುತ್ತದೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಸುಮಾರು 18 ಡಿಗ್ರಿ ವಾಲಿದರೆ ಸಾಕು. 30 ಕಿಲೋಮೀಟರಿಗೆ 35 ಡಿಗ್ರಿ ಬೇಕು. ರಸ್ತೆಯಲ್ಲಿ ಮರಳೋ ಮಳೆನೀರೋ ಇದ್ದರೆ ಟಯರು ಅಷ್ಟು ಹಿಡಿತವನ್ನು ಕೊಡಲಾರದು. ಆದ್ದರಿಂದ ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು, ಗೇರು ಇಳಿದಿರಬೇಕು. ತೀರ ನಿಧಾನದಲ್ಲಿ ಮಾತ್ರ ಕ್ರಮ ಬೇರೆ: ಹ್ಯಾಂಡಲು ತಿರುವಿನ ಕಡೆಗೇ ಹೊರಳಿರುತ್ತದೆ, ಬೈಕು ಒಳಕ್ಕೆ ವಾಲಿದರೂ ಮೈ ನೆಟ್ಟಗಿದ್ದು ತೂಕವನ್ನು ಸರಿದೂಗಿಸಬೇಕು.

ಎಡಬದಿಯ ಸಂಚಾರವಿರುವ ನಮ್ಮಲ್ಲಿ ಎಡ ತಿರುವೇ ಹೆಚ್ಚು ಇಕ್ಕಟ್ಟಿನದು. ಅಲ್ಲಿ ವೇಗ ಹೆಚ್ಚಾದರೆ ಬೈಕು ಎದುರುಬರುವ ಲಾರಿಯ ಹಾದಿಗೆ ಸರಿಯುತ್ತದೆ. ಉದ್ದನೆಯ ಲಾರಿಗಳಿಗೆ ತಿರುಗಲು ರಸ್ತೆಯ ಅಗಲವೆಲ್ಲ ಬೇಕು. ಏರಿ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮವೂ ಹೌದು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿನಲ್ಲಿ ತಿರುವಿನಾಚೆ ಆನೆಯೂ ನಿಂತಿರಬಹುದು. ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ.

ಕಣ್ಣು ನೆಟ್ಟ ಕಡೆಗೇ ಕೈ ಒಯ್ಯುತ್ತದೆ. ಕಂದಕವನ್ನು ನೋಡದೆ ತಿರುವಿನ ಕೊನೆಯನ್ನು ನೋಡಬೇಕು. ಮಕ್ಕಳನ್ನು ಹಿಂದೆ ಕೂರಿಸಿಕೊಳ್ಳುವಾಗ ಅವರಿಗೂ ಹೆಲ್ಮೆಟ್ ತೊಡಿಸಿ, ಎರಡು ಮಾತು ಹೇಳಿರಿ: ಗಟ್ಟಿಯಾಗಿ ಹಿಡಿದುಕೋ, ನನ್ನೊಡನೆ ವಾಲು.