ಛಾಯಾ ಭಗವತಿ: ಒಂದೇ ನೀರು, ಮೂರು ಊರು

1/4

ಜಪಾನ್ ರೀಲ್ಸ್ ಸೇವ್ ಮಾಡಿ ಇಟ್ಕೊಂಡೋರು ನಮ್ಮ ಬಿಕಾಂ ಕ್ಲಾಸಿನಾಗ ಎಷ್ಟು ಮಂದಿ ಇದ್ದೀರಿ ಅಂತ ನನಗೆ ಗೊತ್ತು. ಗ್ರೂಪಿನಲ್ಲಿ ಈಚೆಗೆ ಓಡಾಡಿದ್ದು ಯೋರೋ ಜಲಪಾತ. ಗಿಫು ಅನ್ನೋ ಪ್ರಾಂತ್ಯದ ಗುಡ್ಡದ ನಡುವೆ ಇದೆ. ಎತ್ತರ ಬರೀ 32 ಮೀಟರ್. ನಮ್ಮ ಜೋಗ 253 ಮೀಟರ್! ಆದರೂ ಯೋರೋಗೆ ಅಷ್ಟು ಹೆಸರು ಬಂದಿರೋದು ಕಥೆಯಿಂದ. ಸೌದೆ ಕಡಿದು ಬದುಕೋ ಬಡ ಹುಡುಗ, ಮುಪ್ಪಾದ ಅಪ್ಪ. ಅಪ್ಪನಿಗೆ ಇಷ್ಟವಾದ ಸಾಕೆ, ಅಂದರೆ ಅಕ್ಕಿಯ ಮದ್ಯ, ತರೋಕೆ ಮಗನ ಹತ್ರ ದುಡ್ಡಿಲ್ಲ. ಮಗನ ಪ್ರೀತಿಗೆ ಜಲಪಾತದ ನೀರೇ ಸಾಕೆ ಆಯಿತಂತೆ. 717ರಲ್ಲಿ ಗೆನ್‌ಶೋ ಅನ್ನೋ ಮಹಾರಾಣಿ ಆ ನೀರಿಗೆ ಮೆಚ್ಚಿ, ತನ್ನ ಆಳ್ವಿಕೆಯ ಕಾಲಕ್ಕೇ "ಯೋರೋ" ಅಂತ ಹೆಸರಿಟ್ಟಳು. ಆ ಪದದ ಅರ್ಥ ಹೆಚ್ಚುಕಡಿಮೆ "ಮುಪ್ಪಿನವರನ್ನು ಸಾಕುವುದು".

ಜಪಾನಿಗೆ ಹೋಗೋ ಟಿಕೆಟ್ ದುಡ್ಡು ಸದ್ಯಕ್ಕಿಲ್ಲ. ಆದರೆ ಕಥೆ ಇರೋ ಜಲಪಾತ ನಮ್ಮ ಹತ್ರಾನೂ ಒಂದು ಇದೆ. ನಾರಾಯಣಪುರದ ಛಾಯಾ ಭಗವತಿ. ಈ ಆಗಸ್ಟಿನಲ್ಲಿ ಮೂವರು ಹೋಗಿ ಬಂದ್ವಿ. ಸಿಂಧನೂರಿನ ನಾನು, ಮಸ್ಕಿ ಕಡೆ ಹಳ್ಳಿಯ ಒಬ್ಬ, ಲಿಂಗಸುಗೂರಿನ ಒಬ್ಬ. ಎರಡು ಬೈಕು.

2/4

ಸಿಂಧನೂರು ಬಿಡೋವಾಗ ರಸ್ತೆಯ ಎರಡೂ ಕಡೆ ಹಸಿರೋ ಹಸಿರು. ನೆಲ್ಲು ಹಚ್ಚೋ ಕೆಲಸ ನಡೆದಿತ್ತು. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರು. ಮಸ್ಕಿ ದಾಟಿದ ಮೇಲೆ ಬಣ್ಣ ಬದಲಾಗುತ್ತೆ: ತೊಗರಿ, ಹತ್ತಿ, ಸಜ್ಜೆ. ಮಳೆ ನಂಬಿದ ಹೊಲಗಳು. ಮಸ್ಕಿಯವ ಎಂದಿನಂತೆ ಶುರು ಮಾಡಿದ, "ಅಶೋಕನ ಹೆಸರು ಇರೋ ಶಾಸನ ಸಿಕ್ಕಿದ್ದು ನಮ್ಮೂರಾಗ, 1915ರಾಗ, ನಿಮ್ಮೂರಾಗ ಏನೈತಿ?" ನಾನು "ನಮ್ಮೂರಾಗ ಅನ್ನ ಐತಿ" ಅಂದೆ. ಲಿಂಗಸುಗೂರು ಬರೋ ತನಕ ಇದೇ ಜಗಳ.

ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿರೋ ಡ್ಯಾಮ್ ಬಸವಸಾಗರ. ಅದರ ಕೆಳಗೆ ನದಿ ಬಂಡೆಗಳ ನಡುವೆ ಒಡೆದು, ಸೀಳಿ, ಧುಮುಕೋ ಜಾಗದಲ್ಲಿ ಛಾಯಾ ಭಗವತಿಯ ಗುಡಿ. ಮೆಟ್ಟಿಲಿಳಿದು ಹೋಗಬೇಕು. ಸಂಕ್ರಾಂತಿಗೆ ಪುಣ್ಯಸ್ನಾನಕ್ಕೆ ಜನ ಕಿಕ್ಕಿರಿದು ಸೇರ್ತಾರೆ. ನಾವು ಹೋದ ದಿನ ಕೆಳಗೆ ಬಿಡಲಿಲ್ಲ. ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟಿದ್ದರು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ನೀರು ಆಲಮಟ್ಟಿಗೆ, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಮುಂದಕ್ಕೆ.

ಲಕ್ಷ ಕ್ಯೂಸೆಕ್ ಅಂದರೆ ಎಷ್ಟು? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮೇಲೆ. ಮನೆಗೆ ತರ್ತೀವಲ್ಲ 20 ಲೀಟರ್ ಕ್ಯಾನ್, ಅಂಥವು ಒಂದು ಸೆಕೆಂಡಿಗೆ 1 ಲಕ್ಷ 40 ಸಾವಿರ. ಇಷ್ಟು ಓದೋದರೊಳಗೆ ಎಷ್ಟು ಕ್ಯಾನ್ ಹೋದವು, ನೀವೇ ಗುಣಿಸಿಕೊಳ್ಳಿ.

ನೀರು ಬಿಳಿ ಇರಲಿಲ್ಲ, ಕೆಮ್ಮಣ್ಣಿನ ಬಣ್ಣ. ಸದ್ದಿಗೆ ಎದೆ ನಡುಗ್ತಿತ್ತು. ಪಕ್ಕದಲ್ಲಿ ನಿಂತವನ ಜೊತೆ ಮಾತಾಡಬೇಕಂದ್ರೂ ಕಿವಿ ಹತ್ರ ಬಾಯಿಟ್ಟು ಕೂಗಬೇಕು. ಮುಖದ ಮೇಲೆ ತುಂತುರು. ನಿಜ ಹೇಳ್ತೀನಿ, ಚಂದ ಅಂದ್ರ ಚಂದ. ಮೊದಲ ಮೂರು ಫೋಟೊ ಅದೇ. ಫಿಲ್ಟರ್ ಹಾಕಿಲ್ಲ.

3/4

ಈಗ ಛಾಯಾ ಯಾರು ಅನ್ನೋ ಕಥೆ. ಸೂರ್ಯನ ಹೆಂಡತಿ ಸಂಜ್ಞಾ. ಗಂಡನ ಶಾಖ ತಡೆಯೋಕಾಗದೆ, ತನ್ನ ನೆರಳನ್ನೇ ತನ್ನ ಹಾಗೆ ಮಾಡಿ ಮನೆಯಲ್ಲಿ ಬಿಟ್ಟು ಹೋಗ್ತಾಳೆ. ಆ ನೆರಳೇ ಛಾಯಾ. ಆ ಮನೆಯಲ್ಲಿ ದುಡಿದಳು, ಮಕ್ಕಳನ್ನು ಸಾಕಿದಳು. ಶನಿ ಅವಳ ಮಗ. ಸೂರ್ಯನಿಗೆ ಎಷ್ಟೋ ದಿನ ಗೊತ್ತೇ ಆಗಲಿಲ್ಲ. ಬೆಳಕಿನ ಮನೆಯಲ್ಲೇ ಇದ್ದ ನೆರಳನ್ನು ಬೆಳಕೇ ಗುರುತು ಹಿಡಿಯಲಿಲ್ಲ, ನೋಡಿ.

ನಾನು ಈ ಕಥೆ ಹೇಳಿ ಮುಗಿಸಿದೆ. ಲಿಂಗಸುಗೂರಿನವ ಮಾತ್ರ ಫೋನ್ ಹೊರಗೆ ತೆಗೆದಿರಲೇ ಇಲ್ಲ. ಬಂದಾಗಿಂದ ಒಂದು ಫೋಟೊನೂ ಇಲ್ಲ. "ಯಾಕೋ?" ಅಂದೆ.

"ನೀವು ನೋಡಾಕತ್ತೀರಲ್ಲ, ಇದೇ ನೀರು ಮುಂದ ಹೋಗಿ ಶೀಲಹಳ್ಳಿ ಸೇತುವೆ ಮುಳುಗಿಸ್ತದ. ನಮ್ಮ ಅಮ್ಮಮ್ಮ ಆ ಕಡಿ ಅದಾಳ. ಬಿಪಿ ಗುಳಿಗಿ ಮುಗದಾವಂತ, ಮುಂಜಾನೆ ಫೋನ್ ಬಂದಿತ್ತು."

ಗೊತ್ತಿಲ್ಲದವರಿಗೆ: ಶೀಲಹಳ್ಳಿ ಸೇತುವೆ ಲಿಂಗಸುಗೂರು ತಾಲ್ಲೂಕಿನಲ್ಲಿ, ಜಲದುರ್ಗಕ್ಕೆ ಹೋಗೋ ದಾರಿಯಲ್ಲಿದೆ. ಎತ್ತರ ಕಮ್ಮಿ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿಬಿಡುತ್ತೆ. ಆ ಕಡೆಯ ಊರಿನವರು ತಾಲ್ಲೂಕು ಕೇಂದ್ರಕ್ಕೆ ಬರಬೇಕಂದ್ರೆ ದೂರದ ದಾರಿ ಸುತ್ತಬೇಕು. ಕರಕಲಗಡ್ಡಿಯಂಥ ನಡುಗಡ್ಡೆಗಳಲ್ಲಿ ಇರೋರಿಗಂತೂ ಸುತ್ತೋಕೂ ದಾರಿ ಇಲ್ಲ. ನಮಗೆ ಜಲಪಾತ ತುಂಬಿದ ದಿನ, ಅವರಿಗೆ ದಾರಿ ಕಟ್ಟಾದ ದಿನ.

ಆಗ ಮಸ್ಕಿಯವ ಬಾಯಿ ಬಿಟ್ಟ. "ನಿಮಗ ಹೆಚ್ಚಾಗಿ ತ್ರಾಸು, ನಮಗ ಬರದ ತ್ರಾಸು." ಅವನ ಹಳ್ಳಿ ಪಾಮನಕಲ್ಲೂರು ಭಾಗದ್ದು. ಇದೇ ಡ್ಯಾಮಿನ ಬಲದಂಡೆ ಯೋಜನೆಯ 5ಎ ಕಾಲುವೆ ಬೇಕು ಅಂತ 2020ರಲ್ಲಿ ಅಲ್ಲಿನ ರೈತರು ಧರಣಿ ಕೂತಿದ್ದು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಗಿದ್ದು ನಿಮಗೂ ನೆನಪಿರಬಹುದು. ಅವರಪ್ಪನೂ ಟೆಂಟಿನಲ್ಲಿ ಕೂತಿದ್ದರು. "ಇದರಾಗ ಒಂದೀಟು ನಮ್ಮ ಹೊಲಕ್ಕ ಬಂದಿದ್ರ ನಾನು ಈ ಜಲಪಾತಕ್ಕ ದಿನಾ ಕೈ ಮುಗೀತಿದ್ದೆ" ಅಂದ.

ನನಗೆ ನೆನಪಾಗಿದ್ದು ನಮ್ಮ ಮನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಆಗ ನೀರು ಧುಮುಕೋ ವಿಡಿಯೊ ಎಲ್ಲರ ಸ್ಟೇಟಸ್‌ನಲ್ಲೂ ಇತ್ತು. ನೋಡಿದರೆ ಅದೂ ಜಲಪಾತವೇ. ಅಪ್ಪ ಮಾತ್ರ ಒಂದೇ ಸಲ ನೋಡಿ ಫೋನ್ ತಿರುವಿ ಇಟ್ಟ. "ಅದು ನೀರಲ್ಲಪಾ, ಬ್ಯಾಸಿಗಿ ನೆಲ್ಲು ಹರದು ಹೊಂಟದ" ಅಂದ. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸೋ ತನಕ, ಸುಮಾರು ಒಂದು ವಾರ, ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

4/4

ಅಕೌಂಟೆನ್ಸಿಯ ಮೊದಲ ಪಾಠ: ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ನೀರಿನ ಲೆಕ್ಕವೂ ಹಾಗೇ ಅಂತ ನನಗನ್ನಿಸಿತು. ಜೋಗವನ್ನೇ ನೋಡಿ: 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಬಂದ ಮೇಲೆ ಮೊದಲಿನ ಹಾಗೆ ತುಂಬಿ ಬೀಳೋದು ಮಳೆಗಾಲದ ಕೆಲವೇ ದಿನ. ಉಳಿದ ದಿನ ಆ ನೀರು ಕರೆಂಟಾಗಿ ನಮ್ಮ ಫೋನ್ ಚಾರ್ಜ್ ಮಾಡುತ್ತೆ. ಒಂದು ಕಡೆ ಚಂದ ಕಂಡರೆ ಇನ್ನೊಂದು ಕಡೆ ಅದರ ನೆರಳು ಬಿದ್ದಿರುತ್ತೆ. ನೆರಳಿಗೂ ಒಂದು ಗುಡಿ ಕಟ್ಟಿದ ನಮ್ಮ ಹಿರಿಯರು ಇದನ್ನು ನಮಗಿಂತ ಮೊದಲೇ ತಿಳಿದಿದ್ದರೇನೋ.

ಹಾಗಂತ ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಹೋಗಿ. ನಮ್ಮ ಭಾಗದಾಗ ಏನೂ ಇಲ್ಲ ಅನ್ನೋರಿಗೆ ತೋರಿಸಿ. ಆದರೆ ಹೊರಡೋ ಮುಂಚೆ ನಾರಾಯಣಪುರದಿಂದ ಎಷ್ಟು ನೀರು ಬಿಟ್ಟಾರ ಅಂತ ನ್ಯೂಸ್ ನೋಡಿ. ಮೆಟ್ಟಿಲು ಇಳೀಬೇಡಿ ಅಂದ್ರೆ ಇಳೀಬೇಡಿ. ಆ ಬಂಡೆ ಮೇಲೆ ಪಾಚಿ ಇರುತ್ತೆ, ಡ್ಯಾಮಿನ ನೀರು ಏರೋಕೆ ಹೊತ್ತು ಬೇಕಾಗಿಲ್ಲ. ರೀಲ್ಸ್ ಹಾಕೋವಾಗ ಕೆಳಗಿನ ಊರಿನ ಸುದ್ದಿನೂ ಒಂದು ಸಾಲು ಬರೀರಿ. ಅಷ್ಟೇ.

ನಾವು ಲಿಂಗಸುಗೂರಿಗೆ ವಾಪಸ್ ಬಂದು ಮೆಡಿಕಲ್‌ನಲ್ಲಿ ಒಂದು ತಿಂಗಳ ಗುಳಿಗಿ ತಗೊಂಡ್ವಿ. ಸುತ್ತು ದಾರಿಯಲ್ಲಿ ಹೊರಟಿದ್ದ ಅವರ ಊರಿನ ಒಬ್ಬರ ಕೈಯಲ್ಲಿ ಕಳಿಸಿದ್ವಿ. ರಾತ್ರಿ ಎಂಟಕ್ಕೆ ಫೋನ್ ಬಂತು, "ಮುಟ್ಯಾವ." ಅಮ್ಮಮ್ಮ ಸ್ಪೀಕರ್‌ನಲ್ಲಿ ನಮ್ಮ ಮೂವರಿಗೂ ಬೈದಳು, "ಹೊಳಿ ಬಂದಾಗ ಹೊಳಿ ಹತ್ರ ಯಾಕ ಹೋಗಿದ್ರ್ಯೋ ಹುಚ್ಚಪ್ಪಗಳ್ರಾ!"

ಕೊನೇ ಫೋಟೊ ಜಲಪಾತದ್ದಲ್ಲ. ಅವರ ಮಾವ ಆ ಕಡೆಯಿಂದ ಕಳಿಸಿದ್ದು. ಒಂದು ಡಾಂಬರು ರಸ್ತೆ ಸೀದಾ ನೀರಿನೊಳಗೆ ಇಳಿದು ಹೋಗುತ್ತೆ. ಸ್ವೈಪ್ ಮಾಡಿ ಅದನ್ನೂ ನೋಡಿ.

#ಛಾಯಾಭಗವತಿ #ನಾರಾಯಣಪುರ #ಶೀಲಹಳ್ಳಿ #ಸಿಂಧನೂರು #ಮಸ್ಕಿ #ಲಿಂಗಸುಗೂರು