ಕುಕನೂರಿನ ಪಡಸಾಲೆಯಲ್ಲಿ ಒಂದು ರಾತ್ರಿ

ಹುಬ್ಬಳ್ಳಿಯಿಂದ ನಮ್ಮ ಕುಕನೂರಿಗೆ ಈಗ ನೇರ ರೈಲು ಇದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಶುರುವಾದ ಮೇಲೆ ದಾರಿಯಲ್ಲಿ ಇಳಿದು ಬಸ್ಸಿಗೆ ಕಾಯುವುದು ತಪ್ಪಿದೆ. ಅದೇ ರೈಲಿನಲ್ಲಿ ಕಾಲೇಜಿನ ಮೂವರು ಗೆಳತಿಯರನ್ನು ಕರೆದುಕೊಂಡು ಒಂದು ಶುಕ್ರವಾರ ಊರಿಗೆ ಬಂದೆ. ಶನಿವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ಆನ್‌ಲೈನಿನಲ್ಲಿ ನಮ್ಮ ಸ್ಪರ್ಧೆ. ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಕೂತು ಆಡುವುದು ಸಾಧ್ಯವಿರಲಿಲ್ಲ, ಅದಕ್ಕೇ ನಮ್ಮ ಮನೆ.

ಶನಿವಾರ ಬೆಳಿಗ್ಗೆ ಅವರಿಗೆ ನವಲಿಂಗ ಗುಡಿ ತೋರಿಸಿದೆ. ರಾಷ್ಟ್ರಕೂಟರ ಕಾಲದ, 9ನೇ ಶತಮಾನದ ಗುಡಿ. ಒಂಬತ್ತು ಲಿಂಗಗಳಿಗೆ ಒಂಬತ್ತು ಗರ್ಭಗುಡಿ. ಚಿಕ್ಕವಳಿದ್ದಾಗ ಇಲ್ಲಿ ನಾವು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಸೋಮವಾರ ಇಟಗಿಗೆ ಹೋಗುವುದು ಅಂತ ಮಾತಾಯಿತು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನದಲ್ಲೇ 'ದೇವಾಲಯ ಚಕ್ರವರ್ತಿ' ಅನ್ನಿಸಿಕೊಂಡ ಗುಡಿ ನಮ್ಮೂರ ಪಕ್ಕದಲ್ಲೇ ಇದೆ ಅಂದರೆ ಅವರು ನಂಬಲೇ ಇಲ್ಲ.

ಸಂಜೆ ಅವ್ವ ವಗ್ಗರಣಿ, ಮಿರ್ಚಿ ಮಾಡಿಕೊಟ್ಟಳು. "ಇದೇನ್ ಆಟಾನೋ, ಪರೀಕ್ಷಾನೋ?" ಅಂದಳು. "ಎರಡೂ ಹೌದಬೇ" ಅಂದೆ.

ಇದಕ್ಕೆ 'ಕ್ಯಾಪ್ಚರ್ ದ ಫ್ಲ್ಯಾಗ್' ಅಂತ ಹೆಸರು. ಅಮೆರಿಕದ ಡೆಫ್‌ಕಾನ್ ಸಮ್ಮೇಳನದಲ್ಲಿ 1996ರಿಂದ ಈ ಸ್ಪರ್ಧೆ ನಡೆಯುತ್ತಿದೆ. ಫೋಟೋ, ಧ್ವನಿ, ಗುಪ್ತಲಿಪಿ, ವೆಬ್‌ಸೈಟು ಹೀಗೆ ಯಾವುದರೊಳಗೋ ಒಂದು ಸಾಲು ಬಚ್ಚಿಟ್ಟಿರುತ್ತಾರೆ. ಅದೇ ಬಾವುಟ. ಹುಡುಕಿ ಒಪ್ಪಿಸಿದರೆ ಅಂಕ. ಒಬ್ಬರಿಂದ ಆಗುವ ಕೆಲಸ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಬೇಕು.

ಮೊದಲ ಎರಡು ತಾಸು ನಾನು ಒಂದೇ ಗುಪ್ತಲಿಪಿಗೆ ತಲೆ ಚಚ್ಚಿಕೊಂಡೆ, ಯಾರಿಗೂ ಹೇಳಲಿಲ್ಲ. ಕಡೆಗೆ ಸಿಂಧನೂರಿನ ಗೆಳತಿ ಬಗ್ಗಿ ನೋಡಿ, "ತಿಳೀವಲ್ದು ಅಂತ ಮೊದಲ ಹೇಳಾಕ ಏನಾಗಿತ್ತು? ಎಲ್ಲಾರೂ ನೋಡತಿದ್ವಿ" ಅಂತ ಬೈದಳು. ಆಮೇಲೆ ಒಂದು ನೋಟ್‌ಬುಕ್ ನಡುವೆ ಇಟ್ಟೆವು. ಸೋತ ಪ್ರಯತ್ನವನ್ನೂ ಅದರಲ್ಲಿ ಬರೆಯಬೇಕು, ಅದೇ ಕಟ್ಟಳೆ.

ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಫೋಟೋ ಬಂತು. ಏನು ಮಾಡಿದರೂ ತೆರೆಯದು. ಹೆಸರು ಬಿಟ್ಟು ಕಡತದ ಮೊದಲ ಅಕ್ಷರಗಳನ್ನು ನೋಡಿದೆವು. 'ಪಿಕೆ' ಅಂತಿತ್ತು. ಅದು ಜಿಪ್ ಕಡತದ ಗುರುತು! ಬಿಚ್ಚಿದರೆ ಒಳಗೆ ಬಾವುಟ. ನಾವು ಕೂಗಿದ್ದಕ್ಕೆ ಹೊರಗೆ ಕಟ್ಟೆ ಮೇಲೆ ಕೂತಿದ್ದ ಅಪ್ಪ ಒಳಗೆ ಬಂದರು. ಸಂಜೆಯಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ.

"ಹೆಸರು ಫೋಟೋ ಅಂತ ಇದ್ರೂ ಒಳಗ ಬ್ಯಾರೆ ಇರತೈತೇನವ್ವಾ?"

"ಹೂಂ ಅಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಲಗ್ನಪತ್ರಿಕಿ ಅಂತ ಬಂದಿದ್ರ?"

ಫೋನ್ ಇಸಿದುಕೊಂಡು ನೋಡಿದೆ. ವಾಟ್ಸಾಪಿನಲ್ಲಿ ಬಂದಿದ್ದ 'ಲಗ್ನಪತ್ರಿಕೆ'ಯ ಹೆಸರಿನ ಕೊನೆಗೆ 'ಎಪಿಕೆ' ಅಂತಿತ್ತು. ಅದು ಫೋನಿನಲ್ಲಿ ಕೂರಿಸುವ ಆ್ಯಪ್. ಮೆಸೇಜ್ ಓದಲು ಅನುಮತಿ ಪಡೆದು ಓಟಿಪಿ ಕದಿಯುವಂಥದ್ದು. ಬೇಕಾದವರದೇ ಇರಬೇಕು ಅಂತ ಮಧ್ಯಾಹ್ನ ಅಪ್ಪ ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದ್ದರು. ಕಡ್ಲಿ ಮಾರಿ ಬಂದಿದ್ದ 38,000 ರೂಪಾಯಿ ಹೋಗಿತ್ತು.

"ಓದಿದ ಮಗಳ ಮುಂದ, ಪರಊರ ಹುಡುಗ್ಯಾರ ಮುಂದ ಹೆಂಗ ಹೇಳಲಿ?" ಅಂದರು. ಅವ್ವನಿಗೂ ಹೇಳಿರಲಿಲ್ಲ.

ಲ್ಯಾಪ್‌ಟಾಪ್ ಬದಿಗಿಟ್ಟೆವು. ಒಬ್ಬಳು ಆ ಫೋನಿನ ಇಂಟರ್ನೆಟ್ ಬಂದ್ ಮಾಡಿದಳು. ನಾನು 1930ಕ್ಕೆ ನನ್ನ ಫೋನಿನಿಂದ ಕರೆ ಹಚ್ಚಿದೆ. ಇನ್ನೊಬ್ಬಳು ಬ್ಯಾಂಕಿಗೆ ತಿಳಿಸಿ ಖಾತೆಗೆ ತಡೆ ಹಾಕಿಸಿದಳು. ಸಿಂಧನೂರಿನವಳು ಅಪ್ಪನ ಪಕ್ಕ ಕೂತು, ಹಣ ಕಡಿತದ ಮೆಸೇಜುಗಳಲ್ಲಿದ್ದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸೈಬರ್ ಕ್ರೈಮ್ ಪೋರ್ಟಲ್‌ಗೆ ದೂರು ಏರಿಸಿದಳು. "ನಮಗೂ ಎರಡ ತಾಸು ತಿಳಿದಿರಲಿಲ್ಲರಿ ಕಾಕಾ" ಅಂದಳು. ಅಪ್ಪ ಆ ದಿನ ಮೊದಲ ಸಲ ನಕ್ಕರು.

ಸ್ಪರ್ಧೆಯಲ್ಲಿ ನಾವು ಬಹಳ ಕೆಳಗೇ ಉಳಿದೆವು. ಸೋಮವಾರ ಇಟಗಿ ಬದಲು ಕೊಪ್ಪಳದ ಸೈಬರ್ ಠಾಣೆಗೆ ಹೋದೆವು. ಅಷ್ಟರಲ್ಲಿ 11,000 ರೂಪಾಯಿ ಕಳ್ಳರ ಒಂದು ಖಾತೆಯಲ್ಲಿ ತಡೆಹಿಡಿದದ್ದು ಗೊತ್ತಾಯಿತು. ಉಳಿದದ್ದು ಎಲ್ಲೆಲ್ಲಿಗೋ ಹರಿದುಹೋಗಿತ್ತು. ಮಧ್ಯಾಹ್ನವೇ ಹೇಳಿದ್ದರೆ ಇನ್ನಷ್ಟು ಉಳಿಯುತ್ತಿತ್ತೇನೋ. ಆ ಮಾತನ್ನು ನಾನು ಅಪ್ಪನ ಮುಂದೆ ಆಡಲಿಲ್ಲ.

ಸಂಜೆ ನಾವು ರೈಲಿಗೆ ಹೊರಟಾಗ ಅಪ್ಪ ಕಟ್ಟೆಯ ಮೇಲಿದ್ದರು. ಸುತ್ತ ನಾಲ್ಕೈದು ಮಂದಿ. "ನನ್ನ ರೊಕ್ಕ ಹೆಂಗ ಹೋತು ಕೇಳ್ರಿಲ್ಲೆ" ಅಂತ ಫೋನ್ ಹಿಡಿದು ತಾವೇ ಹೇಳುತ್ತಿದ್ದರು. ಒಬ್ಬ ಹಿರಿಯರು ಮೆಲ್ಲಗೆ ತಮ್ಮ ಫೋನನ್ನೂ ಜೇಬಿನಿಂದ ತೆಗೆದು ಮುಂದೆ ಚಾಚಿದರು.