ಏಡಿಯ ಗುರುತು: ಮಲಪ್ರಭೆಯಿಂದ ನೇತ್ರಾಣಿಗೆ

ಬಾದಾಮಿಯ ಎರಡನೆಯ ಗುಹೆಯಲ್ಲಿ ನಿಂತು ತಲೆಯೆತ್ತಿದವರಿಗೆ ಮೇಲ್ಛಾವಣಿಯಲ್ಲೊಂದು ಚಕ್ರವು ಕಾಣುತ್ತದೆ. ಆ ಚಕ್ರದ ಅರೆಗಳೆಲ್ಲ ಮೀನುಗಳು, ಎಣಿಸಿದರೆ 16. ಕಡಲು ಕಾಣದ ಈ ಕೆಂಗಲ್ಲಿನ ನಾಡಿನಲ್ಲಿಯೂ ಚಾಳುಕ್ಯರ ಶಿಲ್ಪಿಗೆ ಜಲಚರಗಳ ಮೇಲೆ ಕಣ್ಣಿತ್ತು.

ಮೀನಿನಂತೆಯೇ ಏಡಿಯೂ ಇಲ್ಲಿಯವರಿಗೆ ಹೊಸದಲ್ಲ. ಮಲಪ್ರಭೆ, ಘಟಪ್ರಭೆಗಳ ದಡದಲ್ಲಿ ಬಿಲ ತೋಡಿಕೊಂಡಿದ್ದು, ಬೇಸಗೆಯಲ್ಲಿ ಒಳಗೇ ಅಡಗಿ, ಮೊದಲ ಮಳೆ ಬಿದ್ದೊಡನೆ ಹೊರಬರುವ ಆ ಪ್ರಾಣಿಯನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಅದಕ್ಕೆ ‘ಏಡಿ’ ಎಂಬ ಒಂದೇ ಹೆಸರು ಸಾಕು. ಆದರೆ ಪಡುವಣ ಕಡಲಿಗೆ ಹೋದವರಿಗೆ ಆ ಒಂದು ಹೆಸರು ಸಾಲದಾಗುತ್ತದೆ.

ಬಾಗಲಕೋಟೆಯಿಂದ ಹೊರಟ ಪ್ರವಾಸಿಗನು ಹುಬ್ಬಳ್ಳಿಯನ್ನು ದಾಟಿ, ಯಲ್ಲಾಪುರದ ಕಾಡನ್ನು ಹೊಕ್ಕು, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಬಳಿ ಕಡಲನ್ನು ಕಾಣುತ್ತಾನೆ. ಅಲ್ಲಿಂದ ತೆಂಕಣಕ್ಕೆ ಕುಮಟಾ, ಹೊನ್ನಾವರಗಳ ಆಚೆಗೆ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸ್ಕೂಬಾ ಮುಳುಗು ಹಾಕುವವರು ದೋಣಿಯಲ್ಲಿ ಇಲ್ಲಿಗೆ ಬರುತ್ತಾರೆ.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಬಂಡೆಯ ಬಿರುಕಿನಲ್ಲಿ ಎಂದೂ ಕಾಣದ ಏಡಿಯೊಂದು ಕಂಡಿತೆನ್ನೋಣ. ಹೊಸಬನು ಮೊದಲು ಮನಸ್ಸಿಗೆ ತಂದುಕೊಳ್ಳುವುದು ಅದರ ಬಣ್ಣವನ್ನು. ಅಲ್ಲಿಯೇ ಅವನು ಮೋಸಹೋಗುತ್ತಾನೆ. ನೀರು ಬಿಸಿಲಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ. ಹತ್ತು ಮೀಟರು ಆಳದಲ್ಲಿ ಕೆಂಪು ಏಡಿಯು ಕಂದಾಗಿಯೋ ಬೂದಾಗಿಯೋ ತೋರುತ್ತದೆ. ಬ್ಯಾಟರಿ ದೀಪದ ಬೆಳಕು ಬಿದ್ದಾಗ ಮಾತ್ರ ನಿಜವಾದ ಬಣ್ಣವು ಹೊರಬೀಳುತ್ತದೆ.

ಬಲ್ಲವರು ನೋಡುವ ಕ್ರಮವೇ ಬೇರೆ. ಇಳಕಲ್ಲಿನ ನೇಕಾರನ ಕೈಗೆ ಒಂದು ಸೀರೆಯನ್ನು ಕೊಟ್ಟರೆ ಅವನು ಬಣ್ಣಕ್ಕೆ ಮರುಳಾಗುವುದಿಲ್ಲ. ಮೈಯ ಹಾಸು ಸೆರಗಿನ ಹಾಸಿನೊಡನೆ ಎಲ್ಲಿ, ಹೇಗೆ ಕೂಡಿದೆ ಎಂದು ನೋಡುತ್ತಾನೆ. ಏಡಿಯ ಪರೀಕ್ಷೆಯೂ ಹಾಗೆಯೇ. ಕಡೆಯ ಜೊತೆ ಕಾಲುಗಳು ಹುಟ್ಟಿನಂತೆ ಚಪ್ಪಟೆಯಾಗಿದ್ದರೆ ಅದು ಈಜುವ ಏಡಿ. ಆಮೇಲೆ, ಕಣ್ಣಿನಿಂದ ಬೆನ್ನಚಿಪ್ಪಿನ ಅಗಲವಾದ ಮೂಲೆಯವರೆಗೆ ಅಂಚಿನಲ್ಲಿರುವ ಹಲ್ಲುಗಳನ್ನು ಎಣಿಸಬೇಕು. ಬೆನ್ನಿನ ಮೇಲೆ ಮೂರು ಕೆಂಪು ಬೊಟ್ಟುಗಳಿರುವ ಏಡಿಗೆ ಒಂದು ಬದಿಗೆ ಒಂಬತ್ತು ಹಲ್ಲುಗಳು. ಬೆನ್ನಿನ ಮೇಲೆ ಶಿಲುಬೆಯ ಗುರುತುಳ್ಳದ್ದಕ್ಕೆ ಆರು. ಸ್ಪಂಜಿನ ತುಂಡೊಂದನ್ನು ಹಿಂಗಾಲುಗಳಿಂದ ಬೆನ್ನ ಮೇಲೆ ಹೊತ್ತು ಕೊಡೆಯಂತೆ ಹಿಡಿದಿದ್ದರೆ ಅದು ಸ್ಪಂಜು ಏಡಿ. ಉದ್ದನೆಯ ಮೀಸೆಯಿದ್ದು, ನಡೆಯುವ ಕಾಲುಗಳು ಮೂರೇ ಜೊತೆ ಕಂಡರೆ ಅದು ಪಿಂಗಾಣಿ ಏಡಿ. ಹೆಸರಿಗೆ ಏಡಿಯಾದರೂ ಅದು ನಿಜವಾದ ಏಡಿಯ ಕುಲದ್ದಲ್ಲ. ಮುಟ್ಟಬೇಕಾದದ್ದಿಲ್ಲ, ಹಿಡಿಯಬೇಕಾದದ್ದಿಲ್ಲ. ಒಂದೆರಡು ಚಿತ್ರಗಳು, ಕಂಡ ಆಳ, ಕುಳಿತ ಜಾಗ, ಇಷ್ಟನ್ನು ಗುರುತು ಹಾಕಿಕೊಂಡು ಮೇಲೆ ಬಂದರೆ ಸಾಕು.

ದಡಕ್ಕೆ ಬಂದು ಪುಸ್ತಕವನ್ನು ತೆರೆದಾಗ ಅನೇಕ ಸಲ ಉತ್ತರವು ಸಿಕ್ಕಿಬಿಡುತ್ತದೆ. ಪುಸ್ತಕವು ಯಾವುದೋ ದೂರದೇಶದ ತೀರವನ್ನು ಕುರಿತದ್ದಾಗಿದ್ದರೂ! ಇದಕ್ಕೆ ಕಾರಣವುಂಟು. ಕಡಲಿನ ಏಡಿಯ ಮರಿಯು ಮೊಟ್ಟೆಯೊಡೆದಾಗ ಏಡಿಯಂತಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ, ಪ್ರವಾಹವು ಒಯ್ದಲ್ಲಿಗೆ ತೇಲುತ್ತ, ಹಲವು ಬಾರಿ ಪೊರೆ ಕಳಚಿ, ಕಡೆಗೆ ಯಾವುದೋ ತೀರದಲ್ಲಿ ಏಡಿಯಾಗಿ ನೆಲೆಸುತ್ತದೆ. ಆದ್ದರಿಂದ ಕಡಲಿನ ಎಷ್ಟೋ ಏಡಿಗಳಿಗೆ ಸಾವಿರಾರು ಮೈಲಿಯುದ್ದಕ್ಕೂ ಬಂಧುಗಳಿದ್ದಾರೆ.

ಹಿಂದಿರುಗುವ ದಾರಿಯಲ್ಲಿ ಮತ್ತೆ ಯಲ್ಲಾಪುರ. ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡು ಮರೆತ ಈ ಕಾಡಿನಲ್ಲಿಯೇ, ಯಾವ ಪುಸ್ತಕದಲ್ಲಿಯೂ ಇಲ್ಲದ ಏಡಿಯೊಂದಿತ್ತು. ತಾಲೂಕಿನ ಬಾರೆ ಎಂಬಲ್ಲಿ ಅದರ ಮೇಲೆ ಕಣ್ಣಿಟ್ಟವರು ಅರಣ್ಯ ರಕ್ಷಕ ಪರಶುರಾಮ ಭಜಂತ್ರಿ ಮತ್ತು ನಿಸರ್ಗಪ್ರೇಮಿ ಗೋಪಾಲಕೃಷ್ಣ ಹೆಗಡೆಯವರು. ಬಿಳುಪು ಮತ್ತು ಕೆನ್ನೇರಳೆ, ಎರಡೇ ಬಣ್ಣಗಳ ಆ ಏಡಿಯನ್ನು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಸಮೀರ್ ಕುಮಾರ್ ಪಾಟಿಯವರು ತೇಜಸ್ ಠಾಕ್ರೆಯವರೊಡನೆ ಪರೀಕ್ಷಿಸಿ, 2022ರಲ್ಲಿ ಅದಕ್ಕೆ ‘ಘಾಟಿಯಾನ ದ್ವಿವರ್ಣ’ ಎಂದು ನಾಮಕರಣ ಮಾಡಿದರು. ಮೊದಲ ಪದದಲ್ಲಿ ಘಟ್ಟವಿದೆ, ಎರಡನೆಯದರಲ್ಲಿ ಬಣ್ಣವಿದೆ. ಕರಾವಳಿಯವರು ಚಿರೆಕಲ್ಲು ಎನ್ನುವ ಜಂಬಿಟ್ಟಿಗೆ ಬಂಡೆಯ ತೂತುಗಳೇ ಅದರ ಮನೆ.

ಸಿಹಿನೀರಿನ ಏಡಿಯ ಸಂಸಾರವೇ ಬೇರೆ. ಅದರ ಮರಿಗೆ ತೇಲುವ ಬಾಲ್ಯವಿಲ್ಲ. ಮೊಟ್ಟೆಯಿಂದ ಪುಟ್ಟ ಏಡಿಯಾಗಿಯೇ ಹೊರಬಂದು, ಕೆಲವು ಕಾಲ ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಅವಿತಿದ್ದು, ಆಮೇಲೆ ಅಲ್ಲಿಯೇ ಆಸುಪಾಸಿನಲ್ಲಿ ಬದುಕನ್ನು ಆರಂಭಿಸುತ್ತದೆ. ಒಂದು ಬೆಟ್ಟದ್ದು ಇನ್ನೊಂದು ಬೆಟ್ಟಕ್ಕೆ ಹೋಗುವುದು ದುಸ್ತರ. ಹೀಗೆ ಬೇರೆಯಾದ ಬಳಗಗಳು ಬಹುಕಾಲದ ಮೇಲೆ ಬೇರೆ ಬೇರೆ ಜಾತಿಗಳೇ ಆಗಿಬಿಡುತ್ತವೆ. ನೇತ್ರಾಣಿಯ ಬಂಡೆಯೊಂದು ಬರಿದಾದರೆ ಕಡಲು ಮತ್ತೆ ಮರಿಗಳನ್ನು ತಂದು ಬಿಟ್ಟೀತು. ಗುಡ್ಡದ ಬಂಡೆಯನ್ನು ಇಟ್ಟಿಗೆಯಾಗಿ ಕೊಯ್ದು ಲಾರಿಗೆ ತುಂಬಿದರೆ, ಅಲ್ಲಿದ್ದ ಏಡಿಗೆ ಬದಲಿ ತರುವವರು ಯಾರು? ಹೆಸರಿಡುವ ಮೊದಲೇ ಅದು ಅಳಿದರೆ, ಅಳಿಯಿತೆಂಬ ಸುದ್ದಿಯೂ ಯಾರಿಗೂ ತಿಳಿಯದು.

ಪ್ರವಾಸಿಗನು ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಬಂದು ನಿಂತಾಗ ಕೃಷ್ಣೆಯೂ ಮಲಪ್ರಭೆಯೂ ಮೊದಲಿನಂತೆಯೇ ಕೂಡಿ ಹರಿಯುತ್ತಿರುತ್ತವೆ. ದಡದ ಬಿಲದಿಂದ ಏಡಿಯೊಂದು ಇಣುಕಿ, ನೆರಳು ಬಿದ್ದೊಡನೆ ಒಳಸರಿಯುತ್ತದೆ. ಹೋಗುವ ಮೊದಲು ಅದು ಬರಿಯ ಏಡಿ. ಈಗ ಅವನು ಮೆಟ್ಟಿಲ ಮೇಲೆ ಕುಳಿತು ಅದು ಮತ್ತೆ ಹೊರಬರುವುದನ್ನು ಕಾಯುತ್ತಾನೆ. ಬೆನ್ನಚಿಪ್ಪಿನ ಅಂಚನ್ನು ಒಮ್ಮೆ ಸರಿಯಾಗಿ ನೋಡಬೇಕಾಗಿದೆ.